ನೀರು ಒಳಗೆ ಬರಬಾರದು, ಎಣ್ಣೆ ಹೊರಗೆ ಹೋಗಬಾರದು: ಒಂದು ಆಟದ ಜೀಪಿನ ಹಿಂದಿನ ಚರಿತ್ರೆ

ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಿಗೆ ಅನುಕೂಲವಾಗುವಂತೆ ಮಾತನ್ನು ಅಲ್ಲಲ್ಲಿ ತಿದ್ದಲಾಗಿದೆ.

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಶಾಸನಗಳಿಲ್ಲ. ಇರೋದು ಒಂದು ಆಟದ ಜೀಪು. ಆದರೆ ಅದರ ಚಕ್ರ ಬಿಚ್ಚಿ ನೋಡಿದರೆ ಒಳಗಡೆ ಸುಮಾರು 300 ವರ್ಷಗಳ ಚರಿತ್ರೆ ಸಿಗುತ್ತೆ. ಬನ್ನಿ, ಬಿಚ್ಚೋಣ.

ಮೊದಲು ನಡೆದದ್ದು ಹೇಳ್ತೀನಿ. ನಮ್ಮಕ್ಕನ ಮಗ, ಒಂಬತ್ತನೇ ಕ್ಲಾಸು. ಕಳೆದ ವರ್ಷ ಅವನಿಗೆ ರಿಮೋಟಿನಲ್ಲಿ ಓಡಿಸುವ ಒಂದು ರಾಕ್ ಕ್ರಾಲರ್ ಸಿಕ್ಕಿತು. ಗೊತ್ತಿಲ್ಲದವರಿಗೆ ಒಂದು ಮಾತು: ಇದು ರೇಸ್ ಕಾರಲ್ಲ. ಜೋರಾಗಿ ಓಡೋದಿಲ್ಲ. ಬಂಡೆ, ಬೇರು, ಕೆಸರು, ಹಳ್ಳ ಇಂಥದ್ದರ ಮೇಲೆ ಆಮೆಯ ಹಾಗೆ ಹತ್ತಿ ಇಳಿಯುವ ಗಾಡಿ. ನಾಲ್ಕೂ ಚಕ್ರಕ್ಕೆ ಶಕ್ತಿ, ಗೇರ್ ತುಂಬ ನಿಧಾನದ್ದು. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಇನ್ನೊಂದು ಬಂಡೆಯನ್ನು ಕಚ್ಚಿ ಹಿಡಿಯುತ್ತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ನಮ್ಮ ಊರಿಗೆ ಬಂದವನು ಅದನ್ನು ಸೀದಾ ಹಳ್ಳಕ್ಕೆ ಇಳಿಸಿದ. ನನಗೆ ಗಾಬರಿ. ಅವನು, 'ಮಾಮ, ಇದು ವಾಟರ್‌ಪ್ರೂಫ್, ಡಬ್ಬದ ಮೇಲೇ ಬರೆದಿದೆ, ಏನೂ ಆಗಲ್ಲ' ಅಂದ. ನಿಜ, ಏನೂ ಆಗಲಿಲ್ಲ. ಮೂರು ದಿನ ನೀರಲ್ಲಿ, ಕೆಸರಲ್ಲಿ ಆಡಿದ. ಊರಿಗೆ ವಾಪಸ್ ಹೋಗಿ, ಮೇಲಿಂದ ತೊಳೆದು, ಕಪಾಟಿನಲ್ಲಿಟ್ಟ. ಪರೀಕ್ಷೆ ಮುಗಿಸಿ ತೆಗೆದು ನೋಡ್ತಾನೆ, ಬ್ಯಾಟರಿ ಹಾಕಿದರೆ ದೀಪ ಹತ್ತುತ್ತೆ, ಸ್ಟಿಯರಿಂಗ್ ಆಡುತ್ತೆ, ಮೋಟಾರ್ ಗುಂಯ್ ಅನ್ನುತ್ತೆ, ಗಾಡಿ ಮಾತ್ರ ಕದಲೋದಿಲ್ಲ. ಹಿಂದಿನ ಚಕ್ರಗಳ ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಫೋನಿನಲ್ಲಿ ವಿಷಯ ಕೇಳಿದ ಅವನ ಅಜ್ಜ, ಅಂದರೆ ನಮ್ಮಪ್ಪ, ಒಂದೇ ಪ್ರಶ್ನೆ ಕೇಳಿದರು: 'ನೀರಿಗೆ ಇಳಿಸಿದ್ಯಲ್ಲ, ಆಮೇಲೆ ಎಣ್ಣೆ ಬಿಟ್ಯೇನೋ ಮಗಾ?'

ಇವತ್ತಿನ ಸಂಚಿಕೆ ಈ ಪ್ರಶ್ನೆಯ ಮೇಲೆ. ನೀರಿಗೆ ಹೆದರಬೇಕಾದ ಸರ್ಕ್ಯೂಟು ಬದುಕಿತು. ಗಟ್ಟಿ ಉಕ್ಕಿನ ಬೇರಿಂಗು ಸತ್ತಿತು. ಯಾಕೆ ಹೀಗಾಯ್ತು? 'ವಾಟರ್‌ಪ್ರೂಫ್' ಅನ್ನುವ ಪದ ನಮಗೆ ಏನು ಮಾತು ಕೊಡುತ್ತೆ, ಏನು ಕೊಡೋದಿಲ್ಲ?

ನೀರೇ ಬಿರಡೆಯಾಗಿದ್ದ ಕಾಲ

ಪೂರ್ತಿ ಮುಚ್ಚಿದ ಡಬ್ಬಕ್ಕೆ ನೀರು ಹೋಗದಂತೆ ಮಾಡೋದು ಸುಲಭ. ತೊಂದರೆ ಶುರುವಾಗೋದು ಆ ಡಬ್ಬದಿಂದ ತಿರುಗುವ ಅಥವಾ ಹಿಂದೆ ಮುಂದೆ ಚಲಿಸುವ ಒಂದು ಸರಳು ಹೊರಗೆ ಬರಬೇಕಾದಾಗ. ಸರಳು ಆಡಬೇಕು ಅಂದರೆ ಸಂದು ಬೇಕು. ಸಂದು ಇದ್ದರೆ ಸೋರುತ್ತೆ. ಬಿಗಿ ಮಾಡಿದರೆ ಸೋರೋದು ನಿಲ್ಲುತ್ತೆ, ಆದರೆ ಸರಳು ಆಡೋದಿಲ್ಲ. ಆಟದ ಜೀಪಿನ ಚಕ್ರದಲ್ಲೂ ಇದೇ ಜಗಳ, ಹಡಗಿನ ಪ್ರೊಪೆಲರಿನಲ್ಲೂ ಇದೇ ಜಗಳ.

1712ರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ನ್ಯೂಕಮನ್ ಗಣಿಯ ನೀರೆತ್ತಲು ಹಬೆ ಯಂತ್ರ ನಿಲ್ಲಿಸಿದ. ಆಗಿನ ಕಾಲದಲ್ಲಿ ದೊಡ್ಡ ಸಿಲಿಂಡರನ್ನು ನಿಖರವಾಗಿ ಕೊರೆಯುವ ವಿದ್ಯೆ ಇರಲಿಲ್ಲ. ಪಿಸ್ಟನ್‌ಗೂ ಗೋಡೆಗೂ ನಡುವೆ ಸಂದು ಇದ್ದೇ ಇರುತ್ತಿತ್ತು. ಆತ ಏನು ಮಾಡಿದ ಅಂದರೆ, ಪಿಸ್ಟನ್ನಿನ ಮೇಲೆ ಒಂದು ಪದರ ನೀರು ನಿಲ್ಲಿಸಿದ. ಆ ನೀರು ಗಾಳಿಯನ್ನು ಒಳಗೆ ಬಿಡುತ್ತಿರಲಿಲ್ಲ. ಅಂದರೆ ಆಗ ನೀರೇ ಬಿರಡೆ!

ಜೇಮ್ಸ್ ವಾಟ್ ಬಂದಾಗ ಇದು ನಡೆಯಲಿಲ್ಲ. ಸಿಲಿಂಡರ್ ಸದಾ ಬಿಸಿಯಾಗಿರಬೇಕು, ಆಗಲೇ ಕಲ್ಲಿದ್ದಲು ಉಳಿಯೋದು ಅನ್ನೋದು ವಾಟ್‌ನ ಲೆಕ್ಕ. ಮೇಲೆ ನೀರು ನಿಲ್ಲಿಸಿದರೆ ಸಿಲಿಂಡರ್ ತಣ್ಣಗಾಗುತ್ತೆ. ಹಾಗಾಗಿ 1769ರ ತನ್ನ ಪೇಟೆಂಟಿನಲ್ಲಿ, ಸಂದು ಮುಚ್ಚೋದಕ್ಕೆ ನೀರಿನ ಬದಲು ಎಣ್ಣೆ, ಮೇಣ, ರಾಳ, ಪ್ರಾಣಿಗಳ ಕೊಬ್ಬು, ಪಾದರಸ ಬಳಸ್ತೀನಿ ಅಂತ ಬರೆದ. ಪಿಸ್ಟನ್ನಿನ ಸರಳು ಹೊರಗೆ ಬರುವ ಜಾಗದಲ್ಲಿ ನಾರನ್ನು ಕೊಬ್ಬಿನಲ್ಲಿ ನೆನೆಸಿ ಒತ್ತಿ ತುಂಬಿದರು. ಇದಕ್ಕೆ ಸ್ಟಫಿಂಗ್ ಬಾಕ್ಸ್ ಅಂತ ಹೆಸರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಕೊಬ್ಬು ಎರಡು ಕೆಲಸ ಮಾಡ್ತಿತ್ತು. ಸಂದು ಮುಚ್ಚುತ್ತಿತ್ತು, ಜೊತೆಗೆ ಸರಳು ಉಜ್ಜಿ ಸವೆಯದಂತೆ ಜಾರುವಂತೆಯೂ ಮಾಡ್ತಿತ್ತು. ನೀರು ತಡೆಯೋದು, ಎಣ್ಣೆ ಹಾಕೋದು ಎರಡು ಬೇರೆ ಕೆಲಸ ಅಂತ ನಾವು ಇವತ್ತು ಅಂದುಕೊಂಡಿದ್ದೀವಿ. ಹುಟ್ಟಿದಾಗ ಅವು ಒಂದೇ ಕೆಲಸ. ಇನ್ನೊಂದು ವಿಷಯ: ಆ ಕೊಬ್ಬು ಖರ್ಚಾಗುತ್ತಿತ್ತು. ದಿನಾ ನೋಡಿಕೊಂಡು ಮತ್ತೆ ತುಂಬಬೇಕಿತ್ತು. ಅದನ್ನು ಯಾರೂ ದೋಷ ಅಂತ ಅಂದುಕೊಳ್ಳಲಿಲ್ಲ.

ನೀರನ್ನೇ ಒಳಗೆ ಬಿಟ್ಟ ಮನುಷ್ಯ

ಈಗ ಸಮುದ್ರಕ್ಕೆ ಬನ್ನಿ. 1850ರ ಸುಮಾರಿಗೆ ಹಡಗುಗಳಿಗೆ ಪ್ರೊಪೆಲರ್ ಬಂದಿತ್ತು. ಪ್ರೊಪೆಲರಿನ ಶಾಫ್ಟು ಹಡಗಿನ ಹಿಂಬದಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಹೊರಗೆ ಬರಬೇಕು. ಅಲ್ಲಿ ಹಿತ್ತಾಳೆಯ ಬೇರಿಂಗ್ ಕೂರಿಸುತ್ತಿದ್ದರು. ಅದು ಎಷ್ಟು ಬೇಗ ಸವೆಯುತ್ತಿತ್ತು ಅಂದರೆ, ಕಬ್ಬಿಣದ ದೊಡ್ಡ ಹಡಗುಗಳೂ ಹಿಂಬದಿಯಿಂದ ನೀರು ಕುಡಿಯತೊಡಗಿದವು.

ಇದಕ್ಕೆ ಉತ್ತರ ಕಂಡುಕೊಂಡವನು ಜಾನ್ ಪೆನ್ ಅನ್ನುವ ಎಂಜಿನಿಯರ್, 1854ರಲ್ಲಿ. ಅವನ ಉಪಾಯ ಕೇಳಿದರೆ ತಮಾಷೆ ಅನ್ನಿಸುತ್ತೆ. ಲೋಹ ತೆಗೆದು ಮರ ಹಾಕಿದ. ಲಿಗ್ನಮ್ ವೀಟೆ ಅನ್ನುವ, ನೀರಲ್ಲಿ ಮುಳುಗುವಷ್ಟು ಭಾರದ, ಸ್ವಭಾವತಃ ಜಿಡ್ಡು ತುಂಬಿದ ಮರ. ಅದರ ಪಟ್ಟಿಗಳನ್ನು ಶಾಫ್ಟಿನ ಸುತ್ತ ಜೋಡಿಸಿ, ನಡುವೆ ಕಾಲುವೆಯಂಥ ಸಂದು ಬಿಟ್ಟು, ಅಲ್ಲಿಗೆ ಸಮುದ್ರದ ನೀರನ್ನೇ ಬಿಟ್ಟ. ನೀರೇ ಎಣ್ಣೆಯ ಕೆಲಸ ಮಾಡಿತು. ಈ ಮರದ ಬೇರಿಂಗ್ ಮುಂದಿನ ನೂರು ವರ್ಷ ಉಳಿಯಿತು. ಅಣುಶಕ್ತಿಯಿಂದ ಓಡುವ ಮೊದಲ ಜಲಾಂತರ್ಗಾಮಿ, ಅಮೆರಿಕದ ನಾಟಿಲಸ್ ಇದೆಯಲ್ಲ, ಅದರಲ್ಲೂ ಇದೇ ಮರ ಇತ್ತು.

ಅಂದರೆ ಎರಡು ದಾರಿ. ಒಂದು, ನೀರನ್ನು ಹೊರಗೇ ನಿಲ್ಲಿಸು. ಇನ್ನೊಂದು, ನೀರು ಬಂದರೂ ಕೆಡದ ವಸ್ತುವಿನಿಂದ ಮಾಡು. ಇವತ್ತು ಕೆಲವು ಕ್ರಾಲರ್ ಹವ್ಯಾಸಿಗಳು, ಕೆಸರಿನಲ್ಲೇ ಆಡಿಸುವ ಗಾಡಿಗೆ ಬಾಲ್ ಬೇರಿಂಗ್ ಬಿಟ್ಟು ಪ್ಲಾಸ್ಟಿಕ್ಕಿನ ಬುಷ್ ಹಾಕ್ತಾರೆ. ಸ್ವಲ್ಪ ಬಿಗಿಯಾಗಿ ತಿರುಗುತ್ತೆ, ಆದರೆ ತುಕ್ಕು ಹಿಡಿಯೋಕೆ ಅದರಲ್ಲಿ ಕಬ್ಬಿಣವೇ ಇಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ಅವರು ಹಿಡಿದದ್ದು ಪೆನ್ ಹಾಕಿಕೊಟ್ಟ ದಾರಿ.

ಯುದ್ಧ ಕಲಿಸಿದ ಮೂರು ಪಾಠ

ಜೀಪು ಅಂದಮೇಲೆ ಎರಡನೇ ಮಹಾಯುದ್ಧ ಬರಲೇಬೇಕು. ಇವತ್ತಿನ ಕ್ರಾಲರಿನ ಹಲವು ವಾಟರ್‌ಪ್ರೂಫ್ ಉಪಾಯಗಳ ಬೇರು ಆ ಆರು ವರ್ಷಗಳಲ್ಲಿದೆ.

ಮೊದಲನೆಯದು ನಾರ್ಮಂಡಿ. 1944ರ ಜೂನ್ 6. ಸಾವಿರಾರು ವಾಹನಗಳು ದೋಣಿಯಿಂದ ಇಳಿದು ಸಮುದ್ರದ ನೀರಿನಲ್ಲಿ ನಡೆದು ದಡ ಸೇರಬೇಕಿತ್ತು. ಬ್ರಿಟನ್ನಿನಲ್ಲಿ ತಿಂಗಳುಗಟ್ಟಲೆ ಅವುಗಳನ್ನು ತಯಾರು ಮಾಡಿದರು. ಗ್ರೀಸ್, ಸುಣ್ಣ, ಆಸ್‌ಬೆಸ್ಟಾಸ್ ನಾರು ಕಲಸಿದ ಒಂದು ಮುದ್ದೆಯನ್ನು ಎಂಜಿನ್ನಿನ ಸಂದುಗೊಂದುಗಳಿಗೆ ಕೈಯಿಂದ ಮೆತ್ತಿದರು. ಗಾಳಿ ಎಳೆಯುವ ಕೊಳವೆ, ಹೊಗೆ ಬಿಡುವ ಕೊಳವೆ ಎರಡನ್ನೂ ಎತ್ತರಕ್ಕೆ ಏರಿಸಿದರು. ಆದರೆ ಇದರ ಇನ್ನೊಂದು ಅರ್ಧ ಯಾರೂ ಹೇಳೋದಿಲ್ಲ. ದಡ ಹತ್ತಿದ ಮೇಲೆ ಆ ಮೆತ್ತನ್ನು ಬೇಗ ಕಿತ್ತು ತೆಗೆಯಬೇಕಿತ್ತು. ಇಲ್ಲದಿದ್ದರೆ ಎಂಜಿನ್ ಉಸಿರಾಡಲಾಗದೆ ಕಾದು ಕೆಡುತ್ತಿತ್ತು. ನೀರು ಬಾರದಂತೆ ಮುಚ್ಚಿದ ಸಂದಿನಿಂದ ಬಿಸಿಯೂ ಹೊರಗೆ ಹೋಗೋದಿಲ್ಲ. ಇದು ಮೊದಲ ಪಾಠ.

ಎರಡನೆಯದು ನಮ್ಮ ಪಕ್ಕದಲ್ಲೇ, ಬರ್ಮಾದ ಕಾಡು. ಅಲ್ಲಿಗೂ, ಪೆಸಿಫಿಕ್ ದ್ವೀಪಗಳಿಗೂ ಹೋದ ಸೇನಾ ರೇಡಿಯೋಗಳು ಗುಂಡೇಟಿಲ್ಲದೆ ಸಾಯುತ್ತಿದ್ದವು. ಕಾರಣ ಮಳೆ, ಸೆಖೆ, ಬೂಷ್ಟು. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತಲ್ಲ, ಹಾಗೆ ರೇಡಿಯೋದ ತಂತಿ, ಸುರುಳಿಗಳ ಮೇಲೂ ಹಿಡಿಯುತ್ತಿತ್ತು. ಪೆಟ್ಟಿಗೆಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ತೇವ ಒಳಗೆ ಸೇರುತ್ತಿತ್ತು. ಆಗ ಪೆಟ್ಟಿಗೆಯ ಆಸೆ ಬಿಟ್ಟು, ಒಳಗಿನ ಬಿಡಿಭಾಗಗಳಿಗೇ ಬೂಷ್ಟು ತಡೆಯುವ ಮದ್ದು ಬೆರೆಸಿದ ವಾರ್ನಿಶ್ ಬಳಿದರು. ಇವತ್ತು ಎಲೆಕ್ಟ್ರಾನಿಕ್ಸಿನವರು ಕನ್ಫಾರ್ಮಲ್ ಕೋಟಿಂಗ್ ಅಂತ ಕರೆಯುವ ತೆಳುಲೇಪದ ಹಿರಿಯಜ್ಜ ಇದು. ನಮ್ಮ ಹುಡುಗನ ಗಾಡಿಯ ಸರ್ಕ್ಯೂಟ್ ಹಳ್ಳದಲ್ಲಿ ಬದುಕಿದ್ದು ಬರ್ಮಾ ಕಾಡಿನಲ್ಲಿ ಸತ್ತ ರೇಡಿಯೋಗಳ ಪುಣ್ಯದಿಂದ ಅಂದರೆ ತಪ್ಪಾಗಲಾರದು.

ಮೂರನೆಯದು ಆಕಾಶದ್ದು. ಯುದ್ಧವಿಮಾನ ತುಂಬ ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗುತ್ತೆ. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ವಿದ್ಯುತ್ತು ತೇವ ಇರುವ ಕಡೆ ಜಾರಿ ಎಲ್ಲೆಲ್ಲೋ ಹರಿದುಬಿಡುತ್ತೆ. ಎಂಜಿನ್ ತಡವರಿಸುತ್ತೆ. ಅದಕ್ಕೆ ಅಮೆರಿಕದಲ್ಲಿ ಒಂದು ಸಿಲಿಕೋನ್ ಗ್ರೀಸ್ ಮಾಡಿದರು. ಡೌ ಮತ್ತು ಕಾರ್ನಿಂಗ್ ಅನ್ನುವ ಎರಡು ಕಂಪನಿಗಳು ಸೇರಿ 1943ರಲ್ಲಿ ಡೌ ಕಾರ್ನಿಂಗ್ ಕಟ್ಟಿದ್ದು ಇಂಥ ಸಿಲಿಕೋನ್ ತಯಾರಿಕೆಗೇ. ಇವತ್ತು ಕ್ರಾಲರಿನ ಬ್ಯಾಟರಿ ಕನೆಕ್ಟರಿಗೆ, ರಿಸೀವರ್ ಡಬ್ಬದ ಅಂಚಿಗೆ ಸವರುವ ಬೆಳ್ಳಗಿನ ಡೈಎಲೆಕ್ಟ್ರಿಕ್ ಗ್ರೀಸ್ ಆ ಮನೆತನದ್ದೇ.

ಒಂದು ರಬ್ಬರ್ ಬಳೆ

ಯುದ್ಧದಲ್ಲಿ ಮನೆಮಾತಾದ ಇನ್ನೊಂದು ವಸ್ತು ಓ-ರಿಂಗ್. ಮನೆಯ ಪ್ರೆಷರ್ ಪಂಪಿನಲ್ಲಿ, ನಲ್ಲಿಯಲ್ಲಿ ನೀವು ನೋಡಿರುತ್ತೀರಿ, ಬಳೆಯಂಥ ಒಂದು ರಬ್ಬರ್. ಇದನ್ನು ರೂಢಿಗೆ ತಂದವರು ನೀಲ್ಸ್ ಕ್ರಿಸ್ಟೆನ್ಸೆನ್. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, ಟ್ರಾಮುಗಳ ಏರ್ ಬ್ರೇಕಿನ ಮೇಲೆ ಕೆಲಸ ಮಾಡಿದವರು. ಓ-ರಿಂಗಿನ ಪೇಟೆಂಟಿಗೆ ಅರ್ಜಿ ಹಾಕಿದ್ದು 1937ರಲ್ಲಿ, ಆಗ ಅವರ ವಯಸ್ಸು 70 ದಾಟಿತ್ತು. 1939ರಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಯುದ್ಧ. ಅಮೆರಿಕ ಯುದ್ಧಕ್ಕಿಳಿದ ಮೇಲೆ ಸರ್ಕಾರ ಆ ಹಕ್ಕನ್ನು ತಾನು ತೆಗೆದುಕೊಂಡು ಎಲ್ಲ ತಯಾರಕರಿಗೂ ಹಂಚಿತು. ವಿಮಾನಗಳ ಬ್ರೇಕು, ಚಕ್ರದ ಕಾಲುಗಳು, ಎಲ್ಲ ಕಡೆ ಆ ಬಳೆ ಕೂತಿತು.

ಅದರ ಗುಟ್ಟು ಸರಳ. ಬಳೆಗಿಂತ ಸ್ವಲ್ಪ ಅಗಲವಾದ ತೋಡಿನಲ್ಲಿ ಅದನ್ನು ಕೂರಿಸಬೇಕು. ಒತ್ತಡ ಬಂದಷ್ಟೂ ರಬ್ಬರು ಒಂದು ಪಕ್ಕಕ್ಕೆ ಸರಿದು ಸಂದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತೆ. ಆದರೆ ಅದು ಕೆಲಸ ಮಾಡೋದು ರಬ್ಬರಿಗೆ ಮೃದುತ್ವ ಇರುವತನಕ. 1986ರ ಜನವರಿ 28ರಂದು, ಕೊರೆಯುವ ಚಳಿಯ ಬೆಳಗ್ಗೆ ಹಾರಿದ ಚಾಲೆಂಜರ್ ಬಾಹ್ಯಾಕಾಶ ನೌಕೆ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತದ್ದು, ಚಳಿಗೆ ಸೆಟೆದ ಇಂಥದೇ ಬಳೆಯಿಂದ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯಲ್ಲಿ ಎಲ್ಲರೆದುರು ಆ ರಬ್ಬರಿನ ತುಂಡನ್ನು ಐಸ್ ನೀರಿನಲ್ಲಿ ಅದ್ದಿ ತೋರಿಸಿದರು. ಆಟದ ಜೀಪಿನಲ್ಲಿ ಜೀವ ಹೋಗೋದಿಲ್ಲ ಬಿಡಿ. ಆದರೆ ನಿಯಮ ಅದೇ: ಸೀಲ್ ಅನ್ನೋದು ಹಾಕಿ ಮರೆಯುವ ವಸ್ತುವಲ್ಲ. ಒಣಗುತ್ತೆ, ಸೆಟೆಯುತ್ತೆ, ಮರಳು ಸಿಕ್ಕರೆ ಕೊಯ್ದುಹೋಗುತ್ತೆ.

ಪೆಟ್ಟಿಗೆಯಿಂದ ಲೇಪಕ್ಕೆ

ಈಗ ರಿಮೋಟ್ ಗಾಡಿಗಳ ಕಥೆಗೆ ಬರೋಣ. ಒಂದು ಕುತೂಹಲದ ವಿಷಯ ಏನಪ್ಪಾ ಅಂದರೆ, ರೇಡಿಯೋ ಅಲೆಯಿಂದ ನಡೆಸಿ ಜನರಿಗೆ ತೋರಿಸಿದ ಮೊದಲ ಗಾಡಿಯೇ ನೀರಿನದು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೊಲಾ ಟೆಸ್ಲಾ ಒಂದು ಪುಟ್ಟ ದೋಣಿಯನ್ನು ತಂತಿಯಿಲ್ಲದೆ ಓಡಿಸಿ ತೋರಿಸಿದ. ಬ್ಯಾಟರಿ, ಮೋಟಾರ್, ರಿಸೀವರ್ ಎಲ್ಲ ಮುಚ್ಚಿದ ಒಡಲೊಳಗೆ. ಅಲ್ಲಿ ದೋಣಿಯೇ ಪೆಟ್ಟಿಗೆ.

ಮುಂದೆ ಜಪಾನ್. ಶಿಜುವೋಕಾದ ತಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ರೇಡಿಯೋ ಕಾರು, ಪೋರ್ಶೆ 934, ಮಾರುಕಟ್ಟೆಗೆ ತಂದಿತು. ಅದು ನುಣುಪು ನೆಲದ ಕಾರು. 1979ರಲ್ಲಿ ಮರಳು, ಮಣ್ಣಿನ ಮೇಲೆ ಓಡುವ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಬಂದವು. ಅವುಗಳ ರೇಡಿಯೋ ಭಾಗಗಳು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಕಡ್ಡಿಗಳು ಹೊರಬರುವ ಜಾಗಕ್ಕೆ ರಬ್ಬರ್ ತೊಡಿಗೆ. ವಾಟ್‌ನ ಸ್ಟಫಿಂಗ್ ಬಾಕ್ಸು ಅಂಗೈಯಗಲಕ್ಕೆ ಇಳಿದ ಹಾಗೆ.

ಪೆಟ್ಟಿಗೆ ಒಳ್ಳೆಯದೇ. ಆದರೆ ಅದರ ಕಾಯಿಲೆ ನಾರ್ಮಂಡಿಯದೇ. ಒಳಗಿನ ಬಿಸಿ ಹೊರಗೆ ಹೋಗೋದಿಲ್ಲ. ಕೂದಲೆಳೆಯಷ್ಟು ಸಂದಿನಿಂದ ಒಳಗೆ ಹೋದ ನೀರಿಗೂ ಹೊರಬರುವ ದಾರಿ ಇಲ್ಲ. ಇನ್ನೊಂದು ಮೋಸ ಇದೆ. ಓಡಿ ಬಿಸಿಯಾದ ಡಬ್ಬವನ್ನು ತಣ್ಣನೆಯ ಹಳ್ಳಕ್ಕೆ ಇಳಿಸಿದರೆ, ಒಳಗಿನ ಗಾಳಿ ಕುಗ್ಗುತ್ತೆ. ಕುಗ್ಗಿದಾಗ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಬೇಕು. ಹೊರಗೆ ಇರೋದು ನೀರು. ಸೀಲನ್ನು ದಾಟಿ ನೀರನ್ನೇ ಹೀರಿಕೊಳ್ಳುತ್ತೆ. ದೊಡ್ಡ ಜೀಪುಗಳ ಆಕ್ಸಲ್ಲಿನಿಂದ ಒಂದು ಸಣ್ಣ ಕೊಳವೆ ಮೇಲಕ್ಕೆ ಹೋಗಿರುತ್ತಲ್ಲ, ಘಟ್ಟದಲ್ಲಿ ಜೀಪು ಓಡಿಸುವವರಿಗೆ ಗೊತ್ತಿರುತ್ತೆ, ಅದು ಇರೋದು ಇದಕ್ಕೇ. ನೀರಿನ ಬದಲು ಮೇಲಿನ ಗಾಳಿ ಎಳೆದುಕೊಳ್ಳಲಿ ಅಂತ.

1987ರಲ್ಲಿ ತಮಿಯಾದ ಕ್ಲಾಡ್ ಬಸ್ಟರ್ ಬಂತು. ದೊಡ್ಡ ಚಕ್ರ, ಎರಡು ಆಕ್ಸಲ್ಲಿಗೂ ಒಂದೊಂದು ಮೋಟಾರ್, ನಾಲ್ಕೂ ಚಕ್ರ ತಿರುಗಿಸುವ ಸ್ಟಿಯರಿಂಗ್. ಅಮೆರಿಕದ ಹವ್ಯಾಸಿಗಳು ಅದರ ಆಕ್ಸಲ್ಲುಗಳನ್ನು ಬಿಚ್ಚಿಕೊಂಡು, ತಾವೇ ಚಾಸಿ ಮಾಡಿ, ಬಂಡೆ ಹತ್ತುವ ಗಾಡಿ ಕಟ್ಟತೊಡಗಿದರು. ಅಂಗಡಿಯಲ್ಲಿ ಕ್ರಾಲರ್ ಅಂತ ಸಿದ್ಧವಾಗಿ ಸಿಗುವ ಮೊದಲೇ ಕ್ರಾಲರ್ ಇತ್ತು. ಅವರ ವಾಟರ್‌ಪ್ರೂಫ್ ವಿದ್ಯೆಯೂ ಮನೆಯದೇ. ರಿಸೀವರನ್ನು ಹುಟ್ಟುಹಬ್ಬದ ಬಲೂನಿನೊಳಗೆ ತುರುಕಿ ಬಾಯಿ ಕಟ್ಟಿದರು. ಸರ್ಕ್ಯೂಟಿಗೆ ಉಗುರುಬಣ್ಣ ಬಳಿದರು. ಸರ್ವೋದ ಅಂಚಿಗೆ ಸಿಲಿಕೋನ್ ತುಂಬಿದರು, ಅದರ ಒಳಗೆ ದೋಣಿಯವರು ಬಳಸುವ ಗ್ರೀಸ್ ತುಂಬಿದರು.

2000ರ ದಶಕದ ಕೊನೆಗೆ ಆಕ್ಸಿಯಲ್ ಕಂಪನಿಯ ಸ್ಕಾರ್ಪಿಯನ್ ಥರದ ಸಿದ್ಧ ಕ್ರಾಲರ್ ಕಿಟ್ಟುಗಳು ಬಂದವು. 2017ರಲ್ಲಿ ಟ್ರಾಕ್ಸಾಸ್ ಕಂಪನಿ ಟಿಆರ್‌ಎಕ್ಸ್-4 ತಂದಿತು. ಅಷ್ಟರಲ್ಲಿ ಕಾರ್ಖಾನೆಯಲ್ಲೇ ಸರ್ಕ್ಯೂಟಿಗೆ ಲೇಪ, ರಿಸೀವರಿಗೆ ಸೀಲ್ ಹಾಕಿದ ಡಬ್ಬ, ಸರ್ವೋಗೆ ಓ-ರಿಂಗ್ ಎಲ್ಲ ಸಾಮಾನ್ಯವಾಗಿತ್ತು. ಬಲೂನು ಕಟ್ಟುವ ಕೈಗಳಿಗೆ ಕೆಲಸ ಇಲ್ಲವಾಯಿತು. ಡಬ್ಬದ ಮೇಲೆ 'ವಾಟರ್‌ಪ್ರೂಫ್' ಅಂತ ಅಚ್ಚಾಯಿತು.

ನನ್ನ ಪ್ರಕಾರ ಎಡವಟ್ಟಾದದ್ದು ಇಲ್ಲಿ. ಆ ಪದ ಸುಳ್ಳಲ್ಲ. ಆದರೆ ಅದು ಹೇಳೋದು ಎಲೆಕ್ಟ್ರಾನಿಕ್ಸ್ ಬಗ್ಗೆ. ಬೇರಿಂಗ್, ಗೇರ್, ಸ್ಕ್ರೂ ಬಗ್ಗೆ ಅಲ್ಲ. ಒದ್ದೆಯಲ್ಲಿ ಓಡಿಸಿದ ಮೇಲೆ ಚಕ್ರ ಬಿಚ್ಚಿ, ಬೇರಿಂಗ್ ಒಣಗಿಸಿ, ಎಣ್ಣೆ ಹಾಕಿ ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಕೈಪಿಡಿ ಯಾರು ಓದ್ತಾರೆ? ಬಲೂನು ಕಟ್ಟುತ್ತಿದ್ದ ಕಾಲದವನಿಗೆ ನೀರಿನ ಭಯ ಇತ್ತು, ಆದ್ದರಿಂದ ಅವನು ಬಿಚ್ಚಿ ನೋಡುತ್ತಿದ್ದ. ಭಯ ಹೋಯಿತು, ಬಿಚ್ಚಿ ನೋಡುವ ಅಭ್ಯಾಸವೂ ಅದರ ಜೊತೆಗೇ ಹೋಯಿತು.

ಎಣ್ಣೆಯ ಚರಿತ್ರೆ ಚಿಕ್ಕದಾಗಿ

ಹಾಗಾದರೆ ಗ್ರೀಸ್ ಅಂದರೇನು? ಎಣ್ಣೆಯನ್ನು ಹಿಡಿದಿಟ್ಟುಕೊಂಡ ಸಾಬೂನು. ಸಾಬೂನಿನ ಎಳೆಗಳು ಸ್ಪಂಜಿನ ಹಾಗೆ, ಎಣ್ಣೆ ಅದರೊಳಗೆ. ಯಾವ ಸಾಬೂನು ಅನ್ನೋದರ ಮೇಲೆ ಗ್ರೀಸಿನ ಗುಣ. 19ನೇ ಶತಮಾನದಲ್ಲಿ ಗಾಡಿಗಳ ಅಚ್ಚಿಗೆ ಸುಣ್ಣದಿಂದ ಮಾಡಿದ ಗ್ರೀಸ್ ಬಂತು. ಅದು ನೀರಿಗೆ ಜಗ್ಗೋದಿಲ್ಲ, ಆದರೆ ಬಿಸಿಗೆ ಕರಗುತ್ತೆ. ಸೋಡಾದಿಂದ ಮಾಡಿದ್ದು ಬಿಸಿ ತಡೆಯುತ್ತೆ, ಆದರೆ ನೀರು ಸೋಕಿದರೆ ಸ್ನಾನದ ಸಾಬೂನಿನ ಹಾಗೆ ತೊಳೆದುಹೋಗುತ್ತೆ. 1942ರಲ್ಲಿ ಕ್ಲಾರೆನ್ಸ್ ಅರ್ಲ್ ಲಿಥಿಯಂ ಸಾಬೂನಿನ ಗ್ರೀಸಿಗೆ ಪೇಟೆಂಟ್ ಪಡೆದ. ಅದು ಎರಡನ್ನೂ ತಕ್ಕಮಟ್ಟಿಗೆ ತಡೆಯುತ್ತೆ. ಇವತ್ತು ಮೆಕ್ಯಾನಿಕ್ ಅಂಗಡಿಯಲ್ಲಿ ಸುಮ್ಮನೆ ಗ್ರೀಸ್ ಕೊಡಿ ಅಂದರೆ ಕೊಡೋದು ಹೆಚ್ಚಾಗಿ ಅದನ್ನೇ.

ನಮ್ಮ ಹರಳೆಣ್ಣೆಗೂ ಇಲ್ಲಿ ಜಾಗ ಇದೆ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರಗಿರ ತಿರುಗುವ ರೋಟರಿ ಎಂಜಿನ್ ಇರುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ. ಬೇರೆ ಎಣ್ಣೆಗಳನ್ನು ಪೆಟ್ರೋಲ್ ಕರಗಿಸಿ ತೊಳೆದುಬಿಡುತ್ತೆ, ಹರಳೆಣ್ಣೆ ಅದಕ್ಕೆ ಸುಲಭವಾಗಿ ಬಗ್ಗೋದಿಲ್ಲ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಹರಳಿನ ಇಂಗ್ಲಿಷ್ ಹೆಸರಿನಿಂದ. ಇಂಧನದಿಂದ ಓಡುವ ಆಟದ ವಿಮಾನ, ಕಾರುಗಳ ಇಂಧನದಲ್ಲಿ ಇವತ್ತಿಗೂ ಹರಳೆಣ್ಣೆ ಬೆರೆಸ್ತಾರೆ.

ಇನ್ನು ಡಬ್ಲ್ಯುಡಿ-40. ಪ್ರತಿ ಮನೆಯಲ್ಲೂ ಇರುವ ನೀಲಿ ಹಳದಿ ಡಬ್ಬ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಬಾರದಂತೆ ನೀರನ್ನು ಸರಿಸುವ ದ್ರವ ಬೇಕಿತ್ತು, 40ನೇ ಸಲ ಸರಿಬಂತು, ಆ ಹೆಸರು ಬಂತು. ಅಂದರೆ ಅದರ ಕೆಲಸ ನೀರನ್ನು ಓಡಿಸೋದು. ತುಂಬ ದಿನ ನಿಲ್ಲುವ ಎಣ್ಣೆ ಅದಲ್ಲ. ಬೇರಿಂಗಿಗೆ ಅದನ್ನು ಹೊಡೆದು ಬಿಟ್ಟರೆ, ಇದ್ದ ಗ್ರೀಸನ್ನೂ ಕರಗಿಸಿ ತೆಗೆದುಬಿಡಬಹುದು. ಅದನ್ನು ಹೊಡೆದ ಮೇಲೆ ಎಣ್ಣೆ ಹಾಕಲೇಬೇಕು.

ಈಗ ಏನು ಮಾಡಬೇಕು?

ಚರಿತ್ರೆ ಕೇಳಿ ಆಯ್ತು, ಗಾಡಿ ಇಟ್ಟುಕೊಂಡವರು ಕೇಳ್ತಾರೆ, ನಾವೇನು ಮಾಡೋಣ ಅಂತ. ಮೇಲಿನ ಕಥೆಯೇ ಉತ್ತರ ಹೇಳುತ್ತೆ.

ಒಂದು, ಲೇಪ ಸರ್ಕ್ಯೂಟಿಗೆ ಮಾತ್ರ. ಕನೆಕ್ಟರಿನ ಒಳಮುಖಕ್ಕೆ, ಸ್ವಿಚ್ಚಿಗೆ, ಸರ್ವೋದೊಳಗೆ ತಿರುಗಿ ಅಳತೆ ಕೊಡುವ ಭಾಗಕ್ಕೆ ಲೇಪ ಬಿದ್ದರೆ ಅವು ಕೆಲಸ ನಿಲ್ಲಿಸುತ್ತವೆ.

ಎರಡು, ರಬ್ಬರಿಗೆ ತಕ್ಕ ಗ್ರೀಸ್. ಪೆಟ್ರೋಲಿಯಂ ಗ್ರೀಸ್ ಕೆಲವು ರಬ್ಬರುಗಳನ್ನು ಉಬ್ಬಿಸಿಬಿಡುತ್ತೆ. ಓ-ರಿಂಗಿಗೆ ಸಾಮಾನ್ಯವಾಗಿ ಸಿಲಿಕೋನ್ ಗ್ರೀಸ್ ವಾಸಿ, ಬಳೆಯೇ ಸಿಲಿಕೋನಿನದ್ದಾಗಿದ್ದರೆ ಮಾತ್ರ ಬೇಡ. ಉಕ್ಕಿನ ಗೇರಿಗೆ ನೀರು ತಡೆಯುವ, ದೋಣಿಯವರು ಬಳಸುವ ಗ್ರೀಸ್.

ಮೂರು, ಹಳ್ಳದಿಂದ ಬಂದ ದಿನವೇ ಕೆಲಸ. ಬ್ಯಾಟರಿ ಮೊದಲು ತೆಗೆಯಿರಿ. ಒದ್ದೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಹತ್ತಿ ಉರಿಯಬಹುದು. ಚಕ್ರ ಬಿಚ್ಚಿ, ಒಳ್ಳೆ ನೀರಲ್ಲಿ ತೊಳೆದು, ಒಣಗಿಸಿ, ಬೇರಿಂಗಿಗೆ ಒಂದೊಂದು ಹನಿ ಎಣ್ಣೆ. ಆಕ್ಸಲ್ಲಿನ ಮುಚ್ಚಳ ಆಗಾಗ ತೆಗೆದು ನೋಡಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ, ಒರೆಸಿ ಹೊಸದು ಹಾಕಿ. ಸಮುದ್ರದ ನೀರಿಗಂತೂ ಇಳಿಸಲೇಬೇಡಿ. ಉಪ್ಪು ನೀರು ವಿದ್ಯುತ್ತನ್ನೂ ಹರಿಸುತ್ತೆ, ತುಕ್ಕನ್ನೂ ಕರೆಯುತ್ತೆ.

ನಾಲ್ಕು, ಮೆತ್ತಿದ ಗ್ರೀಸಿನಲ್ಲಿ ಹೆಚ್ಚಾದದ್ದನ್ನು ನೀರಿಗಿಳಿಸುವ ಮೊದಲು ಒರೆಸಿ. ನಿಮ್ಮ ಜೀಪಿಗೆ ಅದು ಆಟದ ಹಳ್ಳ, ಕೆಳಗಿನ ತೋಟದವರಿಗೆ ಅದು ಕುಡಿಯುವ ನೀರು.

ಕೊನೆಗೆ ಅಜ್ಜನ ಪ್ರಶ್ನೆ. ನಮ್ಮಪ್ಪನಿಗೆ ಕ್ರಾಲರ್ ಗೊತ್ತಿಲ್ಲ, ಓ-ರಿಂಗ್ ಗೊತ್ತಿಲ್ಲ. ಅವರಿಗೆ ಗೊತ್ತಿರೋದು ಎತ್ತಿನ ಗಾಡಿ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಬೆರೆಸಿದ ಕೀಲೆಣ್ಣೆ ಗಾಡಿಯ ಜೊತೆಗೇ ಇರುತ್ತಿತ್ತು. ಹೊಳೆ ದಾಟಿದ ಮೇಲೆ ಚಕ್ರ ಸರಿಸಿ, ಕೀಲೆಣ್ಣೆ ಸವರಿ, ಆಮೇಲೆ ಮನೆಯ ದಾರಿ. ಆ ಗಾಡಿಯನ್ನು ಯಾರೂ ವಾಟರ್‌ಪ್ರೂಫ್ ಅಂತ ಕರೆಯಲಿಲ್ಲ. ಆದರೂ ಅದು ಎರಡು ತಲೆಮಾರು ಹೊಳೆ ದಾಟಿತು, ಯಾಕೆಂದರೆ ದಾಟಿದಾಗಲೆಲ್ಲ ಯಾರೋ ಒಬ್ಬರು ಕೆಳಗೆ ಕೂತು ಅಚ್ಚು ನೋಡುತ್ತಿದ್ದರು.

ನಮ್ಮ ಹುಡುಗನಿಗೆ ಹೊಸ ಬೇರಿಂಗ್ ತರಿಸಿಕೊಟ್ಟೆವು. ಹಾಕಿದ್ದು ಅವನೇ. ದಸರಾ ರಜೆಗೆ ಮತ್ತೆ ಹಳ್ಳಕ್ಕೆ ಹೋಗ್ತಾನಂತೆ. ಈ ಸಲ ಚೀಲದಲ್ಲಿ ಒಂದು ಸಣ್ಣ ಎಣ್ಣೆ ಬಾಟಲು, ಒಂದು ಹಳೇ ಟೂತ್‌ಬ್ರಷ್ಷು ಸೇರಿದೆ.

ಈ ಸಂಚಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಕೀಲೆಣ್ಣೆ ಮಾಡುತ್ತಿದ್ದ ಹಿರಿಯರಿದ್ದರೆ, ಅವರು ಏನೇನು ಬೆರೆಸುತ್ತಿದ್ದರು ಅಂತ ಕೇಳಿ ನಮಗೆ ಬರೆದು ಕಳಿಸಿ.